ಮಕ್ಕಳ ಜೊತೆ ಇಟಲಿಯ ಹಳ್ಳಿ ಕಡೆ ಎರಡು ವಾರ: ಕಾರಾ, ರೈಲಾ? ಎಷ್ಟು ಊರು?

ಮೈಸೂರಿಂದ_ಐವರು:

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ಇಟಲಿಗೆ ಹೋಗುವುದು ಅಂತ ಮನೆಯಲ್ಲಿ ಕೊನೆಗೂ ತೀರ್ಮಾನ ಆಯ್ತು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಮೂರೂವರೆ ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ ಮಂಡಿ ನೋವು. ಸಮ ಇರುವ ಕಡೆ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಅಂದರೆ ಕಷ್ಟ.

ನಮಗೆ ಮ್ಯೂಸಿಯಂ, ಚರ್ಚು ಅಂತ ಸಾಲಾಗಿ ನೋಡುವ ಆಸೆ ಇಲ್ಲ. ಹಳ್ಳಿ ಕಡೆ ಇರಬೇಕು, ಮಕ್ಕಳು ಹುಲ್ಲಲ್ಲಿ ಓಡಾಡಬೇಕು, ಕುರಿ ಕೋಳಿ ನೋಡಬೇಕು, ನಾವು ದೊಡ್ಡವರು ಸಂಜೆ ಹೊತ್ತು ಸುಮ್ನೆ ಕೂತು ಬೆಟ್ಟ ನೋಡಬೇಕು, ಅಷ್ಟೇ. ಆದರೆ ಪ್ಲಾನ್ ಮಾಡಲು ಕೂತಾಗ ಒಂದೊಂದೇ ಊರು ಸೇರುತ್ತಾ ಹೋಗಿ ಈಗ ಹೀಗೆ ಬಂದು ನಿಂತಿದೆ: ರೋಮ್, ಒರ್ವಿಯೆಟೊ, ಅಸ್ಸಿಸಿ, ಸಿಯೆನಾ, ಸಾನ್ ಜಿಮಿನ್ಯಾನೊ, ಫ್ಲಾರೆನ್ಸ್, ಲುಕ್ಕಾ, ಚಿಂಕ್ವೆ ತೆರ್ರೆ, ಆಮೇಲೆ ಮಿಲಾನ್‌ನಿಂದ ವಾಪಸ್. ಎಲ್ಲ ಕಡೆ ಒಂದೋ ಎರಡೋ ರಾತ್ರಿ. ಹೆಂಡತಿ ಇದನ್ನು ನೋಡಿ, "ಇದು ರಜೆ ಅಲ್ಲ, ದಿನಾ ಸಾಮಾನು ಕಟ್ಟಿ ಬಿಚ್ಚೋ ಕೆಲಸ" ಅಂದಳು. ಯಾವುದನ್ನು ಬಿಡಬೇಕು ಅಂತ ಗೊತ್ತಾಗುತ್ತಿಲ್ಲ.

ಕಾರ್ ಬಾಡಿಗೆಗೆ ತೆಗೆದುಕೊಳ್ಳುವುದಾ, ರೈಲಲ್ಲೇ ಓಡಾಡುವುದಾ? ಇಲ್ಲಿ ದಿನಾ ಕಾರ್ ಓಡಿಸುತ್ತೇನೆ, ಆದರೆ ರಸ್ತೆಯ ಬಲಗಡೆ ಓಡಿಸಿ ಅಭ್ಯಾಸ ಇಲ್ಲ. ತೋಟದ ಮನೆಯಲ್ಲಿ ಇರಲು ಕೊಡುತ್ತಾರಂತೆ, ಅದು ಚಿಕ್ಕ ಮಕ್ಕಳಿಗೆ ಸರಿ ಹೋಗುತ್ತದಾ? ಇನ್ನೊಂದು, ನಾವು ಸಸ್ಯಾಹಾರಿಗಳು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಬೊಲೊನ್ಯಾ_ಕನ್ನಡಿಗ:

ನಿಮ್ಮ ಮನೆಯವರು ಹೇಳಿದ್ದು ನೂರಕ್ಕೆ ನೂರು ಸರಿ ಸರ್. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ರೂಮು ಬಿಡಬೇಕು, ಮುಂದಿನ ಕಡೆ ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಮುಂಚೆ ಒಳಗೆ ಬಿಡುವುದಿಲ್ಲ. ಅಂದರೆ ಊರು ಬದಲಾಯಿಸಿದ ಪ್ರತಿ ದಿನವೂ ಮಧ್ಯದ ಐದಾರು ಗಂಟೆ ನೀವು ಐದು ಜನ, ಪೆಟ್ಟಿಗೆಗಳು, ನಿದ್ದೆ ಬಂದ ಮಗು, ಎಲ್ಲ ಸೇರಿ ಬೀದಿಯಲ್ಲಿ. ನನ್ನ ಮಾತು ಕೇಳುವುದಾದರೆ ಎರಡೇ ಎರಡು ಕಡೆ ಮನೆ ಮಾಡಿ. ಒಂದು ಉಂಬ್ರಿಯಾದಲ್ಲಿ ಒರ್ವಿಯೆಟೊ ಸುತ್ತಮುತ್ತ, ಇನ್ನೊಂದು ಟಸ್ಕನಿಯಲ್ಲಿ ಸಿಯೆನಾ ಸುತ್ತಮುತ್ತ. ಕೊನೆಗೆ ರೋಮ್‌ನಲ್ಲಿ ಎರಡು ರಾತ್ರಿ ಇದ್ದು ಅಲ್ಲಿಂದಲೇ ವಿಮಾನ ಹತ್ತಿ. ಮಿಲಾನ್, ಚಿಂಕ್ವೆ ತೆರ್ರೆ ಎರಡನ್ನೂ ತೆಗೆದುಬಿಡಿ. ಚಿಂಕ್ವೆ ತೆರ್ರೆ ಚೆಂದದ ಜಾಗ, ಆದರೆ ಊರೆಲ್ಲ ಮೆಟ್ಟಿಲು, ಮೇ ತಿಂಗಳಲ್ಲಿ ರೈಲಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ನಿಮ್ಮ ಅಮ್ಮನಿಗೆ ಅದು ಬೇಡವೇ ಬೇಡ.

ನೀವು ಕೇಳಿದ ತೋಟದ ಮನೆಗೆ ಇಲ್ಲಿ ಅಗ್ರಿತುರಿಸ್ಮೊ ಅನ್ನುತ್ತಾರೆ. ಸುಮ್ನೆ ಹೋಟೆಲಿಗೆ ಇಟ್ಟ ಹೆಸರಲ್ಲ ಅದು, 1985ರಿಂದ ಅದಕ್ಕೆ ಕಾನೂನೇ ಇದೆ. ಬೇಸಾಯ ಮುಖ್ಯ ಕಸುಬಾಗಿರಬೇಕು, ಅತಿಥಿಗಳನ್ನು ಇಟ್ಟುಕೊಳ್ಳುವುದು ಅದರ ಪಕ್ಕದ ಕೆಲಸ. ಹಾಗಾಗಿ ಎಣ್ಣೆ, ದ್ರಾಕ್ಷಿ, ಚೀಸ್, ಏನೋ ಒಂದು ಅಲ್ಲೇ ಬೆಳೆಯುತ್ತಿರುತ್ತಾರೆ, ಮಾಡುತ್ತಿರುತ್ತಾರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ಆದರೆ ಎಲ್ಲ ಕಡೆ ಪ್ರಾಣಿ ಇರುತ್ತದೆ ಅಂದುಕೊಳ್ಳಬೇಡಿ. ಬರೀ ದ್ರಾಕ್ಷಿ ತೋಟ ಇರುವ ಕಡೆ ಒಂದು ಬೆಕ್ಕು ಕಂಡರೆ ಹೆಚ್ಚು. ಬುಕ್ ಮಾಡುವ ಮುಂಚೆ ಮೇಲ್ ಹಾಕಿ ಕೇಳಿ: ಯಾವ ಪ್ರಾಣಿ ಇವೆ, ಅಡುಗೆಮನೆ ಇದೆಯಾ, ನೆಲಮಹಡಿಯ ಮನೆ ಸಿಗುತ್ತದಾ, ಈಜುಕೊಳಕ್ಕೆ ಬೇಲಿ ಇದೆಯಾ, ಡಾಂಬರು ರಸ್ತೆಯಿಂದ ಮಣ್ಣು ರಸ್ತೆಯಲ್ಲಿ ಎಷ್ಟು ದೂರ ಹೋಗಬೇಕು. ಈ ಕೊನೆಯದನ್ನು ಕೇಳುವುದು ತುಂಬ ಮುಖ್ಯ. ಫೋಟೊದಲ್ಲಿ ಸೈಪ್ರೆಸ್ ಮರದ ಸಾಲು ಚೆಂದ ಕಾಣುತ್ತದೆ, ಅದರ ನಡುವಿನ ಬಿಳಿ ಜಲ್ಲಿ ರಸ್ತೆಯಲ್ಲಿ ದಿನಾ ನಾಲ್ಕು ಸಲ ಹೋಗಿ ಬರುವುದು ಬೇರೆ ವಿಷಯ.

ಈಜುಕೊಳ ಅಂದೆನಲ್ಲ, ಮೇ ತಿಂಗಳಲ್ಲಿ ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಬಹಳ ಕಡೆ ತಿಂಗಳ ಕೊನೆಯವರೆಗೂ ತೆರೆಯುವುದೇ ಇಲ್ಲ, ತೆರೆದರೂ ನೀರು ಮಂಜುಗಡ್ಡೆ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮೊದಲ ದಿನವೇ ಅಳು. ಕಲ್ಲಿನ ಮನೆಗಳು ರಾತ್ರಿ ತಣ್ಣಗಿರುತ್ತವೆ. ಏಪ್ರಿಲ್ ಮಧ್ಯಕ್ಕೆ ಹೀಟರ್ ನಿಲ್ಲಿಸುವುದು ಇಲ್ಲಿನ ನಿಯಮ, ಅಮ್ಮನಿಗೆ ಸ್ವೆಟರ್, ಸಾಕ್ಸ್ ಇರಲಿ. ಉಳಿದಂತೆ ಮೇ ಬಹಳ ಒಳ್ಳೆ ಕಾಲ. ಬೆಟ್ಟವೆಲ್ಲ ಹಸಿರು, ಗೋಧಿ ಹೊಲದ ಅಂಚಲ್ಲಿ ಕೆಂಪು ಗಸಗಸೆ ಹೂ, ಸಂಜೆ ಎಂಟೂವರೆವರೆಗೂ ಬೆಳಕು. ಒಂದೇ ಒಂದು ಎಚ್ಚರಿಕೆ: ಏಪ್ರಿಲ್ 25 ಮತ್ತು ಮೇ 1 ಎರಡೂ ಇಲ್ಲಿ ಸರ್ಕಾರಿ ರಜೆ, ಆಗ ಇಡೀ ದೇಶ ರಸ್ತೆಯಲ್ಲಿರುತ್ತದೆ. ಮೇ ಮೊದಲ ವಾರ ಕಳೆದ ಮೇಲೆ ಬನ್ನಿ.

ಕಾರ್ ವಿಷಯ. ಹಳ್ಳಿಯಲ್ಲಿ ಇರುವುದಾದರೆ ಕಾರ್ ಬೇಕೇ ಬೇಕು, ಅಗ್ರಿತುರಿಸ್ಮೊ ಬಾಗಿಲಿಗೆ ಬಸ್ಸು ಬರುವುದಿಲ್ಲ. ನಮ್ಮ ಆರ್.ಟಿ.ಒ.ದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ, ಜೊತೆಗೆ ಮೂಲ ಲೈಸೆನ್ಸ್ ಕೂಡ ತನ್ನಿ. ಆಟೊಮ್ಯಾಟಿಕ್ ಗೇರಿನ ಕಾರೇ ತೆಗೆದುಕೊಳ್ಳಿ. ಇಲ್ಲಿ ಅದು ಕಡಿಮೆ, ಬೇಗ ಖಾಲಿ ಆಗುತ್ತದೆ, ಬಾಡಿಗೆಯೂ ಜಾಸ್ತಿ, ಆದರೂ ಬಲಗಡೆ ಓಡಿಸುವುದನ್ನು ಹೊಸದಾಗಿ ಕಲಿಯುವಾಗ ಬಲಗೈಯಲ್ಲಿ ಗೇರ್ ಹಾಕುವ ತಲೆನೋವು ಬೇಡ. ಒಂದೂವರೆ ಮೀಟರ್ ಎತ್ತರ ಆಗುವವರೆಗೂ ಮಕ್ಕಳಿಗೆ ಅವರ ಸೀಟು ಕಡ್ಡಾಯ, ಅಂದರೆ ನಿಮ್ಮ ಮಗಳಿಗೂ ಬೂಸ್ಟರ್ ಬೇಕು. ನಾಲ್ಕು ವರ್ಷದ ಒಳಗಿನ ಮಗುವಿನ ಸೀಟಿಗೆ ಇನ್ನೊಂದು ಉಪಕರಣ ಕೂಡ ಇರಬೇಕು, ಮಗುವನ್ನು ಕಾರಲ್ಲೇ ಮರೆತು ಇಳಿದರೆ ಕೂಗಿ ಹೇಳುವಂಥದ್ದು, 2019ರಿಂದ ಆ ಕಾನೂನು ಬಂದಿದೆ. ಬುಕ್ ಮಾಡುವಾಗಲೇ ಕೇಳಿ. ಇನ್ನು ಎರಡು ಸೀಟಿನ ನಡುವೆ ಅಮ್ಮ ಕೂರುವುದು ಸಾಮಾನ್ಯ ಕಾರಲ್ಲಿ ಆಗದ ಮಾತು. ಏಳು ಸೀಟಿನದೇ ತೆಗೆದುಕೊಳ್ಳಿ, ಹಿಂದಿನ ಸಾಲು ಮಡಚಿ ಸಾಮಾನು ಇಡಬಹುದು.

ಎಲ್ಲಕ್ಕಿಂತ ದೊಡ್ಡ ವಿಷಯ ಜೆಡ್.ಟಿ.ಎಲ್., ಅಂದರೆ ಗಾಡಿಗಳಿಗೆ ನಿರ್ಬಂಧ ಇರುವ ಜಾಗ. ಹಳೇ ಊರುಗಳ ಒಳಗೆ ಹೊರಗಿನವರ ಗಾಡಿ ಹೋಗಬಾರದು. ಬಿಳಿ ಬೋರ್ಡಿನ ಮೇಲೆ ಕೆಂಪು ವೃತ್ತ, ಅದರ ಪಕ್ಕದಲ್ಲೇ ಕ್ಯಾಮೆರಾ. ಯಾರೂ ತಡೆಯುವುದಿಲ್ಲ, ಸೀಟಿ ಊದುವುದಿಲ್ಲ. ನೀವು ಮೈಸೂರಿಗೆ ಬಂದು ತಿಂಗಳುಗಟ್ಟಲೆ ಆದ ಮೇಲೆ ದಂಡದ ಕಾಗದ ಬರುತ್ತದೆ. ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯವರು ಬೇರೆ ದುಡ್ಡು ಕತ್ತರಿಸುತ್ತಾರೆ. ಗೂಗಲ್ ಮ್ಯಾಪ್ ನಂಬಿಕೊಂಡು ನುಗ್ಗಬೇಡಿ, ಊರ ಹೊರಗಿನ ಪಾರ್ಕಿಂಗ್ ಹೆಸರನ್ನೇ ಹಾಕಿ ಹೋಗಿ. ಬಿಳಿ ಗೆರೆ ಇದ್ದರೆ ಪುಕ್ಕಟೆ, ನೀಲಿ ಇದ್ದರೆ ದುಡ್ಡು, ಹಳದಿ ಇದ್ದರೆ ನಮ್ಮದಲ್ಲ.

ಅತ್ತೆ_ಮಾವನ_ಜೊತೆ_ಪ್ರವಾಸ:

ಊಟದ ವಿಷಯ ನಾನು ಹೇಳುತ್ತೇನೆ. ನಮ್ಮ ಅತ್ತೆಯವರೂ ಮೊಟ್ಟೆ ತಿನ್ನುವುದಿಲ್ಲ, ಅವರನ್ನು ಕರೆದುಕೊಂಡು ಟಸ್ಕನಿ ಕಡೆ ಆರಾಮಾಗಿ ಸುತ್ತಿ ಬಂದಿದ್ದೇವೆ.

ಹೋಟೆಲಲ್ಲಿ "ಸಸ್ಯಾಹಾರಿ" ಅಂದರೆ ಮಾಂಸ ಮೀನು ಮಾತ್ರ ಬಿಡುತ್ತಾರೆ. ಮೊಟ್ಟೆ ಬಗ್ಗೆ ಬೇರೆಯಾಗಿಯೇ ಹೇಳಬೇಕು, "ಸೆನ್ಜಾ ಉವೊವಾ" ಅನ್ನಿ ಸಾಕು. ಅಂಗಡಿಯಲ್ಲಿ ಸಿಗುವ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಬರೀ ಗೋಧಿ ರವೆ, ನೀರು. ಹೋಟೆಲಲ್ಲಿ ಕೈಯಲ್ಲಿ ಮಾಡಿದ ತಾಜಾ ಪಾಸ್ತಾ, ಅಂದರೆ ತಾಲ್ಯಾತೆಲ್ಲೆ, ಪಾಪಾರ್ದೆಲ್ಲೆ ತರಹದ್ದು, ಅದರಲ್ಲಿ ಮೊಟ್ಟೆ ಇರುತ್ತದೆ. ಸಿಯೆನಾ ಕಡೆ ಪಿಚಿ ಅಂತ ದಪ್ಪ ದಾರದ ಹಾಗಿನ ಪಾಸ್ತಾ ಮಾಡುತ್ತಾರೆ, ಅದು ಹಿಟ್ಟು ನೀರಿನದೇ. ಬೆಳ್ಳುಳ್ಳಿ, ಟೊಮೆಟೊ ಹಾಕಿದ "ಪಿಚಿ ಆಲ್ಯೋನೆ" ನಮ್ಮತ್ತೆಗೆ ಎಷ್ಟು ಇಷ್ಟ ಆಯ್ತು ಅಂದರೆ ಇನ್ನೊಂದು ತಟ್ಟೆ ತರಿಸಿಕೊಂಡರು. ಕೆಲವರು ಪಿಚಿಗೂ ಸ್ವಲ್ಪ ಮೊಟ್ಟೆ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ತರಕಾರಿ ಸೂಪು ಅಂತ ಬರೆದಿದ್ದರೂ ಮಾಂಸದ ನೀರಲ್ಲಿ ಬೇಯಿಸಿರಬಹುದು, ಅದನ್ನೂ ಕೇಳಿ. ಪಾರ್ಮಿಜಾನೊ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕುತ್ತಾರೆ, ಅದು ನಡೆಯುತ್ತದಾ ಇಲ್ಲವಾ ಅಂತ ಅಮ್ಮನನ್ನು ಊರಲ್ಲೇ ಕೇಳಿ ತೀರ್ಮಾನ ಮಾಡಿಕೊಂಡು ಬಿಡಿ. ಲುಕ್ಕಾ, ಪೀಸಾ ಕಡೆ ಹೋದರೆ ಚೆಚೀನಾ ಅನ್ನುವ ತಿಂಡಿ ಹುಡುಕಿ, ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ, ಬಿಸಿ ಬಿಸಿ ಕತ್ತರಿಸಿ ಕೊಡುತ್ತಾರೆ. ಟಸ್ಕನಿ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಮಕ್ಕಳು ಮುಖ ಸಿಂಡರಿಸಿದರೆ ಟೊಮೆಟೊ ಉಜ್ಜಿ ಎಣ್ಣೆ ಉಪ್ಪು ಹಾಕಿ ಕೊಡಿ.

ಆದರೆ ತೊಂದರೆ ಇರುವುದು ಏನು ತಿನ್ನುತ್ತೇವೆ ಅನ್ನುವುದರಲ್ಲಿ ಅಲ್ಲ, ಯಾವಾಗ ಅನ್ನುವುದರಲ್ಲಿ. ಹಳ್ಳಿ ಹೋಟೆಲುಗಳು ಮಧ್ಯಾಹ್ನ ಎರಡೂವರೆಗೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಸಂಜೆ ಏಳೂವರೆಗೆ. ಮೂರೂವರೆ ವರ್ಷದ ಮಗು ಅಷ್ಟು ಹೊತ್ತು ಕಾಯುತ್ತದಾ? ಅದಕ್ಕೇ ಅಡುಗೆಮನೆ ಇರುವ ಮನೆಯೇ ಬೇಕು. ಮಧ್ಯಾಹ್ನ ಹೊರಗೆ ಚೆನ್ನಾಗಿ ಊಟ ಮಾಡಿ, ರಾತ್ರಿ ಮನೆಯಲ್ಲಿ ಅನ್ನ ಸಾರು. ಸೂಪರ್ ಮಾರ್ಕೆಟ್ಟಲ್ಲಿ ಬಾಸ್ಮತಿ ಅಕ್ಕಿ ಸಿಗುತ್ತದೆ. ಮೊಸರನ್ನಕ್ಕೆ ಸಪ್ಪೆ ಮೊಸರು ಬೇಕಾದರೆ ಡಬ್ಬಿ ಮೇಲೆ "ನಾತುರಾಲೆ" ಅಂತ ಇದೆಯಾ ನೋಡಿ, ಸಕ್ಕರೆ ಹಾಕಿದ್ದೂ ಅದೇ ಬಿಳಿ ಡಬ್ಬಿಯಲ್ಲಿ ಪಕ್ಕದಲ್ಲೇ ಇರುತ್ತದೆ. ಬೇಳೆಗೆ ಉಂಬ್ರಿಯಾದ ಕಾಸ್ತೆಲ್ಲೂಚೊ ಅನ್ನುವ ಊರಿನ ಚಿಕ್ಕ ಚಿಕ್ಕ ಕಾಳು ತನ್ನಿ, ನೆನೆಸಬೇಕಿಲ್ಲ, ಕುಕ್ಕರ್ ಬೇಕಿಲ್ಲ, ಅರ್ಧ ಗಂಟೆಯಲ್ಲಿ ಬೇಯುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಊರಿಂದ ತೆಗೆದುಕೊಂಡು ಹೋಗಿ. ತುಪ್ಪ, ಪೇಡ, ಹಾಲಿನ ಪದಾರ್ಥ ಯಾವುದೂ ಬೇಡ, ಯುರೋಪಿನ ಒಳಗೆ ತರುವ ಹಾಗಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಕರಿಬೇವನ್ನೂ ಹಸಿಯಾಗಿ ತರಬೇಡಿ. ಇನ್ನೊಂದು, ಅಲ್ಲಿ ಬಹಳ ಮನೆಗಳಿಗೆ ಮೂರು ಕಿಲೋವಾಟ್ ಕರೆಂಟು ಮಾತ್ರ. ರೈಸ್ ಕುಕ್ಕರ್, ವಾಷಿಂಗ್ ಮಷಿನ್, ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕಿದರೆ ಮನೆಯೆಲ್ಲ ಕತ್ತಲೆ, ರಾತ್ರಿ ಹೊತ್ತಲ್ಲಿ ಮೇನ್ ಸ್ವಿಚ್ ಹುಡುಕಬೇಕು. ಹೋದ ತಕ್ಷಣ ಮಾಲೀಕರ ಹತ್ತಿರ ಅದು ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಿ.

ರೈಲೇ_ಸಾಕು:

ಕಾರ್ ಬೇಕೇ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಕಾರಲ್ಲಿ ಬೆಲ್ಟ್ ಹಾಕಿ ಕೂರಿಸುವುದಕ್ಕಿಂತ ರೈಲಲ್ಲಿ ಓಡಾಡಿಸುವುದು ಎಷ್ಟೋ ಸುಲಭ. ನಾಲ್ಕು ವರ್ಷದ ಒಳಗಿನವರಿಗೆ ಟಿಕೆಟ್ ಕೂಡ ಇಲ್ಲ. ಅಂಕುಡೊಂಕಿನ ಬೆಟ್ಟದ ರಸ್ತೆಯಲ್ಲಿ ವಾಂತಿ ಮಾಡುವ ಮಕ್ಕಳಿದ್ದರಂತೂ ಕಾರಿನ ಮಾತೇ ಬೇಡ.

ಉಂಬ್ರಿಯಾದಲ್ಲಿ ಫೊಲಿನ್ಯೊ ಇಂದ ತೆರೊಂತೊಲಾ ತನಕ ಒಂದು ಚಿಕ್ಕ ರೈಲು ದಾರಿ ಇದೆ. ಸ್ಪೆಲ್ಲೊ, ಅಸ್ಸಿಸಿ, ಪೆರೂಜಾ, ತ್ರಾಸಿಮೇನೊ ಕೆರೆ, ಎಲ್ಲ ಅದೇ ದಾರಿಯಲ್ಲಿ ಬರುತ್ತವೆ. ಪೆರೂಜಾದಲ್ಲಿ ಮಿನಿಮೆಟ್ರೋ ಅಂತ ಡ್ರೈವರ್ ಇಲ್ಲದ ಪುಟ್ಟ ಡಬ್ಬಿ ಗಾಡಿ ಓಡುತ್ತದೆ, ಮುಂದಿನ ಗಾಜಿನ ಹತ್ತಿರ ಮಕ್ಕಳನ್ನು ನಿಲ್ಲಿಸಿದರೆ ಇಳಿಯಲು ಒಪ್ಪುವುದಿಲ್ಲ. ಊರ ಮೇಲಕ್ಕೆ ಹತ್ತಲು ಎಸ್ಕಲೇಟರ್ ಇದೆ, ಅದು ರೊಕ್ಕಾ ಪಾವೊಲಿನಾ ಅನ್ನುವ ಹಳೇ ಕೋಟೆಯ ಹೊಟ್ಟೆಯೊಳಗಿಂದ ಹೋಗುತ್ತದೆ. 1540ರ ದಶಕದಲ್ಲಿ ಪೋಪ್ ಮೂರನೇ ಪಾಲ್ ಇಡೀ ಒಂದು ಬಡಾವಣೆಯ ಮೇಲೆ ಕೋಟೆ ಕಟ್ಟಿಸಿದ, ಆಗ ಮುಚ್ಚಿಹೋದ ಬೀದಿಗಳು, ಮನೆ ಬಾಗಿಲುಗಳು ಈಗಲೂ ಅಲ್ಲಿ ಕಾಣುತ್ತವೆ. ಒಂಬತ್ತು ವರ್ಷದ ಹುಡುಗಿಗೆ ಈ ಕಥೆ ಹೇಳಿಕೊಂಡು ಹೋಗಿ. ತ್ರಾಸಿಮೇನೊದಲ್ಲಿ ಪಾಸಿನ್ಯಾನೊ ಸ್ಟೇಷನ್ನಲ್ಲಿ ಇಳಿದು ದೋಣಿಯಲ್ಲಿ ಇಸೊಲಾ ಮಜ್ಜೋರೆ ದ್ವೀಪಕ್ಕೆ ಹೋಗಬಹುದು. ಒಂದೇ ಬೀದಿಯ ಊರು, ಕಾರುಗಳಿಲ್ಲ, ಮಕ್ಕಳನ್ನು ಕೈಬಿಟ್ಟು ನಡೆಯಬಹುದು.

ಕಾಗದದ ಪ್ರಾದೇಶಿಕ ರೈಲು ಟಿಕೆಟ್ಟಾದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಲೇಬೇಕು, ಮರೆತರೆ ದಂಡ.

ಮೈಸೂರಿಂದ_ಐವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಪಿಚಿ ಅವರ ತಲೆಯಲ್ಲಿ ಕೂತಿದೆ. ಮಿಲಾನ್, ಚಿಂಕ್ವೆ ತೆರ್ರೆ ಬಿಟ್ಟೆವು. ಸಿಯೆನಾ ಹತ್ತಿರ ಒಂದು, ಒರ್ವಿಯೆಟೊ ಹತ್ತಿರ ಒಂದು ಮನೆ ಅಂತ ಇಟ್ಟುಕೊಂಡರೆ, ಅಮ್ಮನ ಮಂಡಿಗೂ ಮಕ್ಕಳಿಗೂ ಹೊಂದುವಂಥದ್ದು ಸುತ್ತಮುತ್ತ ಏನಿದೆ? ಮತ್ತೆ ವಿಮಾನ ಇಳಿದ ದಿನವೇ ಕಾರ್ ಓಡಿಸುವುದು ಸರಿಯಾ?

ಬೊಲೊನ್ಯಾ_ಕನ್ನಡಿಗ:

ಇಳಿದ ದಿನ ಖಂಡಿತ ಬೇಡ. ರಾತ್ರಿಯೆಲ್ಲ ನಿದ್ದೆಗೆಟ್ಟು, ಮಕ್ಕಳು ಹಿಂದೆ ಅಳುತ್ತಾ, ಗೊತ್ತಿಲ್ಲದ ಬದಿಯಲ್ಲಿ ಹೆದ್ದಾರಿ ಹಿಡಿಯುವುದು ಅಪಾಯ. ಇಲ್ಲಿ ರೈಲೇ_ಸಾಕು ಅವರ ಮಾತನ್ನು ಅರ್ಧ ತೆಗೆದುಕೊಳ್ಳೋಣ. ಫ್ಯೂಮಿಚಿನೊ ವಿಮಾನ ನಿಲ್ದಾಣದಿಂದ ರೈಲು ಹಿಡಿದು, ರೋಮ್‌ನ ತಿಬುರ್ತಿನಾದಲ್ಲಿ ಬದಲಾಯಿಸಿ ಸೀದಾ ಒರ್ವಿಯೆಟೊಗೆ ಹೋಗಿ. ಮೊದಲ ಎರಡು ರಾತ್ರಿ ಊರೊಳಗೇ ಇರಿ, ಕಾರ್ ಇಲ್ಲದೆ. ಸ್ಟೇಷನ್ ಎದುರಿಗೇ ಫ್ಯುನಿಕ್ಯುಲರ್, ಹಗ್ಗ ಎಳೆಯುವ ರೈಲು, ಬಂಡೆಯ ಮೇಲಿರುವ ಊರಿಗೆ ಹತ್ತಿಸಿಬಿಡುತ್ತದೆ. ಮೇಲೆ ಹೋದ ಮೇಲೆ ಮುಖ್ಯ ಬೀದಿ ಹೆಚ್ಚುಕಡಿಮೆ ಸಮ. ಅಲ್ಲೇ ಪಕ್ಕದಲ್ಲಿ ಸಾನ್ ಪಾತ್ರೀಜೊ ಬಾವಿ. 1527ರಲ್ಲಿ ರೋಮ್ ಲೂಟಿ ಆದಾಗ ಏಳನೇ ಕ್ಲೆಮೆಂಟ್ ಪೋಪ್ ಒರ್ವಿಯೆಟೊಗೆ ಓಡಿಬಂದ, ಮುತ್ತಿಗೆ ಬಿದ್ದರೆ ನೀರಿಗೆ ಏನು ಗತಿ ಅಂತ ಈ ಬಾವಿ ತೋಡಿಸಿದ. ಒಳಗೆ ಒಂದರ ಮೇಲೊಂದು ಸುತ್ತುವ ಎರಡು ಬೇರೆ ಬೇರೆ ಮೆಟ್ಟಿಲು ದಾರಿ, 248 ಮೆಟ್ಟಿಲು. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುತ್ತಿದ್ದವು, ಎದುರುಬದುರಾಗುತ್ತಲೇ ಇರಲಿಲ್ಲ. ಮಗಳನ್ನು ಕರೆದುಕೊಂಡು ನೀವು, ಮಗನನ್ನು ಎತ್ತಿಕೊಂಡು ಇನ್ನೊಬ್ಬರು ಸ್ವಲ್ಪ ಹಿಂದೆ ಇಳಿಯಿರಿ, ಗೋಡೆಯ ಕಿಟಕಿಗಳಲ್ಲಿ ಒಬ್ಬರಿಗೊಬ್ಬರು ಕಾಣುತ್ತೀರಿ. ಅಮ್ಮ ಅಷ್ಟು ಹೊತ್ತು ಪಕ್ಕದ ಕೋಟೆ ತೋಟದಲ್ಲಿ ಕೂತು ಕಣಿವೆ ನೋಡಲಿ.

ನಿದ್ದೆ ಸರಿಹೋದ ಮೇಲೆ ಕಾರ್ ತೆಗೆದುಕೊಂಡು ತೋಟದ ಮನೆಗೆ ಹೋಗಿ. ಒಂದು ದಿನ ಬೊಲ್ಸೇನಾ ಕೆರೆ. ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು, ದಡದಲ್ಲಿ ಕಪ್ಪು ಮರಳು. ಚಿವಿತಾ ದಿ ಬಾನ್ಯೊರೆಜೊ ಅನ್ನುವ ಗುಡ್ಡದ ಮೇಲಿನ ಊರಿಗೆ ಎಲ್ಲರೂ ಹೋಗುತ್ತಾರೆ, ಆದರೆ ಒಳಗೆ ಹೋಗಲು ಉದ್ದ ಕಾಲುಸೇತುವೆ, ಕೊನೆಗೆ ಕಡಿದಾದ ಏರು. ಅಮ್ಮ ಇದ್ದಾಗ ಎದುರಿನ ಊರಿನಿಂದ ನೋಡಿ ಬಂದರೆ ಸಾಕು. ತೆರ್ನಿ ಹತ್ತಿರ ಮಾರ್ಮೊರೆ ಜಲಪಾತ ಬಿಡಬೇಡಿ. ಕ್ರಿ.ಪೂ. 271ರಲ್ಲಿ ರೋಮನ್ನರು ಕಾಲುವೆ ತೋಡಿ ಮಾಡಿದ್ದು, 165 ಮೀಟರ್ ಎತ್ತರ, ಮೂರು ಹಂತ. ನಮ್ಮ ಜೋಗದ ಹಾಗೆ ಇಲ್ಲೂ ನೀರು ಕರೆಂಟಿಗೆ ಹೋಗುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ದಿನಾ ಇಂತಿಷ್ಟು ಹೊತ್ತು ಬಿಡುತ್ತೇವೆ ಅಂತ ವೇಳಾಪಟ್ಟಿ ಹಾಕುತ್ತಾರೆ. ಬಿಡುವ ಮುಂಚೆ ಸೈರನ್ ಕೂಗುತ್ತದೆ. ಹಾಗಾಗಿ ಸ್ವಲ್ಪ ಮುಂಚೆಯೇ ಹೋಗಿ ನಿಲ್ಲಿ: ಒದ್ದೆ ಕಲ್ಲಿನ ಮೇಲೆ ಮೊದಲು ನಾಲ್ಕು ಎಳೆ ನೀರು ಇಳಿಯುತ್ತದೆ, ನೋಡನೋಡುತ್ತಿದ್ದ ಹಾಗೆ ಬೆಟ್ಟವೇ ಬೆಳ್ಳಗಾಗುತ್ತದೆ.

ಸಿಯೆನಾ ಕಡೆ ಮೊಂತೆರಿಜ್ಜೋನಿ ಹತ್ತಿರ ಮನೆ ಹುಡುಕಿ. ಅದು ಗುಡ್ಡದ ಮೇಲೆ ಕೋಟೆಗೋಡೆ ಸುತ್ತಿದ ಪುಟ್ಟ ಊರು, ಗೋಡೆಯ ಮೇಲೆ ಸ್ವಲ್ಪ ದೂರ ನಡೆಯಬಹುದು, ಮಕ್ಕಳಿಗೆ ಹಬ್ಬ. ಸಿಯೆನಾದಲ್ಲಿ ಸಾಂತಾ ಕತೆರೀನಾ ಪಾರ್ಕಿಂಗಿಗೆ ಹೋಗಿ, ಅಲ್ಲಿಂದ ಎಸ್ಕಲೇಟರ್ ಇದೆ, ಅಮ್ಮ ಏರು ಹತ್ತಬೇಕಿಲ್ಲ. ಮಗಳನ್ನು ಸಾನ್ ಗಲ್ಗಾನೊಗೆ ಕರೆದುಕೊಂಡು ಹೋಗಿ, ಮೇಲ್ಛಾವಣಿಯೇ ಇಲ್ಲದ ದೊಡ್ಡ ಚರ್ಚು, ಒಳಗೆ ನಿಂತರೆ ತಲೆ ಮೇಲೆ ಆಕಾಶ. ಹತ್ತಿರದ ಗುಡ್ಡದ ಗುಡಿಯಲ್ಲಿ ಬಂಡೆಯೊಳಗೆ ನೆಟ್ಟ ಕತ್ತಿ ಇದೆ. ಲುಕ್ಕಾ ಬೇಕೇ ಬೇಕು ಅಂದರೆ ಒಂದು ದಿನಕ್ಕೆ ಹೋಗಿ ಬನ್ನಿ. ಕೋಟೆಗೋಡೆಯ ಮೇಲೆ ನಾಲ್ಕು ಕಿಲೋಮೀಟರ್ ಸುತ್ತು, ಅಗಲ, ಸಮತಟ್ಟು, ಎರಡೂ ಕಡೆ ಮರ. ಎಲ್ಲರೂ ಒಟ್ಟಿಗೆ ತುಳಿಯುವ ನಾಲ್ಕು ಚಕ್ರದ ಸೈಕಲ್ ಬಾಡಿಗೆಗೆ ಸಿಗುತ್ತದೆ, ಅಮ್ಮನನ್ನು ಮಧ್ಯೆ ಕೂರಿಸಿಕೊಳ್ಳಿ.

ಒಂದು ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಹೋಗಿ, ಊಟ ಮುಗಿಸಿ, ಮೂರು ಗಂಟೆ ಒಳಗೆ ತೋಟಕ್ಕೆ ವಾಪಸ್. ನೀವು ಬರುತ್ತಿರುವುದೇ ಆ ಸಂಜೆಗೆ ಅಲ್ವಾ.

ಅತ್ತೆ_ಮಾವನ_ಜೊತೆ_ಪ್ರವಾಸ:

ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆ ಹತ್ತಿರ ಬಂದರೆ ಬೆಂಗಳೂರಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಜನವರಿಯಲ್ಲೇ ಮುಗಿಸಿಕೊಳ್ಳಿ. ದೊಡ್ಡವರಿಗೆ 90 ಯೂರೊ, ಮಗಳಿಗೆ 45, ಮಗನಿಗೆ ಶುಲ್ಕ ಇಲ್ಲ, ವೀಸಾ ಕೇಂದ್ರದವರ ಸೇವಾ ಶುಲ್ಕ ಬೇರೆ. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಐದೂ ಜನಕ್ಕೆ ಬೇಕು. ಅಮ್ಮನ ವಿಮೆ ಮಾಡಿಸುವಾಗ ಬಿ.ಪಿ., ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ, ಆಮೇಲೆ ಆಸ್ಪತ್ರೆ ಖರ್ಚು ಕೇಳುವಾಗ ಅದೇ ತಕರಾರು ಆಗುತ್ತದೆ. ಮನೆ ಬುಕ್ ಮಾಡುವಾಗ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವಂಥದ್ದನ್ನೇ ಆರಿಸಿ, ವೀಸಾ ಕೈಗೆ ಬಂದ ಮೇಲೆ ಪೂರ್ತಿ ಕಟ್ಟಿ.